ಬನಾರಸ್ ಹಿಂದೂ ವಿಶ್ವವಿದ್ಯಾಲಯ

ಉತ್ತರ ಪ್ರದೇಶದ ವಾರಾಣಸಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯ. ಹಿಂದಿಯಲ್ಲಿ ಕಾಶೀ ಹಿಂದೂ ವಿಶ್ವವಿದ್ಯಾಲಯವೆಂದು ಹೆಸರು, ರೂಢಿಯಲ್ಲಿ ಬಿಎಚ್‌ಯು. 1915ರ ಶಾಸನದ ಮೂಲಕ ಅಸ್ತಿತ್ವಕ್ಕೆ ಬಂದು, 1916ರಲ್ಲಿ ಶಂಕುಸ್ಥಾಪನೆ ಕಂಡ ಈ ಸಂಸ್ಥೆಗೆ ನಗರದ ದಕ್ಷಿಣ ತುದಿಯಲ್ಲಿ, ಗಂಗೆಗೆ ಹತ್ತಿರದಲ್ಲಿ ಸುಮಾರು 1,300 ಎಕರೆಯ ಆವರಣವಿದೆ. ಸುಮಾರು 30,000 ವಿದ್ಯಾರ್ಥಿಗಳು ಇಲ್ಲಿ ಓದುತ್ತಾರೆ. ರಾಷ್ಟ್ರಪತಿಗಳು ಇದರ ಸಂದರ್ಶಕರು, ಅಂದರೆ ವಿಸಿಟರ್.

ಹೆಸರಿನಲ್ಲಿರುವ ಧರ್ಮದಿಂದಲೂ ಆವರಣದ ನಡುವೆ ನಿಂತಿರುವ ದೇವಾಲಯದಿಂದಲೂ ಬಿಎಚ್‌ಯು ಹೆಚ್ಚು ಪ್ರಸಿದ್ಧ. ಆದರೆ ಅದು ಹುಟ್ಟಿದ ಕಾಲದಲ್ಲಿ ನಿಜವಾಗಿ ಹೊಸದಾಗಿದ್ದದ್ದು ಬೇರೆಯೇ ಒಂದು ಸಂಗತಿ. 1857ರಲ್ಲಿ ಸ್ಥಾಪನೆಯಾದ ಕಲ್ಕತ್ತಾ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳೂ ಅವುಗಳ ಹಿಂದೆ ಬಂದ ಪಂಜಾಬ್, ಅಲಹಾಬಾದ್ ವಿಶ್ವವಿದ್ಯಾಲಯಗಳೂ ಆರಂಭದಲ್ಲಿ ಮುಖ್ಯವಾಗಿ ಪರೀಕ್ಷೆ ನಡೆಸಿ ಪದವಿ ಕೊಡುತ್ತಿದ್ದವು. ಪಾಠವೆಲ್ಲ ದೂರದೂರದ ಕಾಲೇಜುಗಳಲ್ಲಿ ನಡೆಯುತ್ತಿತ್ತು. ಬನಾರಸಿನಲ್ಲಿ ಗುರುಗಳೂ ಶಿಷ್ಯರೂ ಒಂದೇ ನೆಲದ ಮೇಲೆ ವಾಸ ಮಾಡಿಕೊಂಡು ಓದುವ ವಿಶ್ವವಿದ್ಯಾಲಯವೊಂದನ್ನು ಕಟ್ಟಬೇಕೆಂಬುದು ಸ್ಥಾಪಕರ ಹಟವಾಗಿತ್ತು. ಅದರ ನೂರು ವರ್ಷಗಳ ಸಾಧನೆಯನ್ನೂ ಜಗಳಗಳನ್ನೂ ಅರಿಯಲು ಈ ವಾಸದ ಕಡೆಯಿಂದ ನೋಡುವುದೇ ಸರಿಯಾದ ದಾರಿ. ಯಾರು ಇಲ್ಲಿ ಇರಬಹುದು, ಯಾರ ಜತೆ ಕುಳಿತು ಉಣ್ಣಬಹುದು, ಸಂಜೆ ಎಷ್ಟು ಗಂಟೆಯವರೆಗೆ ಹೊರಗಿರಬಹುದು ಎಂಬ ಪ್ರಶ್ನೆಗಳ ಸುತ್ತಲೇ ಅದರ ದೊಡ್ಡ ವಿವಾದಗಳಲ್ಲಿ ಹಲವು ಹುಟ್ಟಿವೆ.

ಹಿನ್ನೆಲೆ

ಈ ವಿಶ್ವವಿದ್ಯಾಲಯದ ಬೀಜ 1898ರಲ್ಲಿ ಆನಿ ಬೆಸೆಂಟ್ ಸ್ಥಾಪಿಸಿದ ಸೆಂಟ್ರಲ್ ಹಿಂದೂ ಕಾಲೇಜು. ಕಾಶೀ ನರೇಶರು ಕೊಟ್ಟ ಜಾಗದಲ್ಲಿ, ನಗರದ ಕಮಚ್ಛಾ ಎಂಬಲ್ಲಿ ಅದು ಬೆಳೆಯಿತು. ಅಲಹಾಬಾದಿನ ವಕೀಲರೂ ಪತ್ರಿಕೋದ್ಯಮಿಯೂ ಆಗಿದ್ದ ಮದನ ಮೋಹನ ಮಾಳವೀಯರು ಅದೇ ಕಾಲಕ್ಕೆ ಬೇರೆಯೊಂದು ಯೋಜನೆ ಹಾಕಿಕೊಂಡಿದ್ದರು. 1905ರ ಡಿಸೆಂಬರಿನಲ್ಲಿ ಗೋಖಲೆಯವರ ಅಧ್ಯಕ್ಷತೆಯಲ್ಲಿ ಬನಾರಸಿನಲ್ಲೇ ಕಾಂಗ್ರೆಸ್ ಅಧಿವೇಶನ ಕೂಡಿದಾಗ ಅವರು ತಮ್ಮ ಯೋಜನೆಯನ್ನು ನಾಯಕರ ಮುಂದಿಟ್ಟರು. 1906ರ ಜನವರಿಯಲ್ಲಿ ಪ್ರಯಾಗದ ಕುಂಭಮೇಳದಲ್ಲಿ ಸೇರಿದ ಸನಾತನ ಧರ್ಮ ಸಭೆಯ ಒಪ್ಪಿಗೆಯೂ ಸಿಕ್ಕಿತು. ದರ್ಭಂಗಾದ ಮಹಾರಾಜ ರಾಮೇಶ್ವರ ಸಿಂಗರದು ಮೂರನೆಯ ಯೋಜನೆ. ಮೂವರೂ ಬೇರೆ ಬೇರೆಯಾಗಿ ಹೊರಟರೆ ಸರ್ಕಾರ ಯಾರಿಗೂ ಕಿವಿಗೊಡುವುದಿಲ್ಲವೆಂಬುದು 1911ರ ಹೊತ್ತಿಗೆ ಸ್ಪಷ್ಟವಾಯಿತು. ಆ ವರ್ಷ ಮೂವರೂ ಒಂದಾದರು. ಹಿಂದೂ ಯೂನಿವರ್ಸಿಟಿ ಸೊಸೈಟಿ ನೋಂದಣಿಯಾಯಿತು. ದರ್ಭಂಗಾ ಮಹಾರಾಜರು ಅಧ್ಯಕ್ಷರಾದರೆ ಅಲಹಾಬಾದಿನ ವಕೀಲ ಸರ್ ಸುಂದರ್ ಲಾಲ್ ಕಾರ್ಯದರ್ಶಿಯಾದರು.

ಬೆಸೆಂಟರು ತಾವು ಕಟ್ಟಿ ಬೆಳೆಸಿದ ಕಾಲೇಜನ್ನು ಹೊಸ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿಬಿಟ್ಟರು. ಮಾಳವೀಯರ ಹೆಸರಿನ ಪ್ರಭೆಯಲ್ಲಿ ಈ ತ್ಯಾಗ ಮರೆಯಾಗಿರುವುದು ನ್ಯಾಯವಲ್ಲ. ನಡೆಯುತ್ತಿದ್ದ ಕಾಲೇಜು, ಅದರ ಅಧ್ಯಾಪಕರು, ಅದರ ಕಟ್ಟಡಗಳು ಇಲ್ಲದೆ ಹೋಗಿದ್ದರೆ ಶಾಸನ ಬಂದ ಮೇಲೂ ಪಾಠ ಶುರುವಾಗಲು ಇನ್ನೆಷ್ಟೋ ವರ್ಷ ಹಿಡಿಯುತ್ತಿತ್ತು.

ದೇಣಿಗೆ

ಒಂದು ಕೋಟಿ ರೂಪಾಯಿ ಕೂಡಿಸುವುದು ಮಾಳವೀಯರ ಗುರಿಯಾಗಿತ್ತು. ಮುಂಚೂಣಿಯ ವಕೀಲಿ ವೃತ್ತಿಯನ್ನು ಬಿಟ್ಟು ಅವರು ದೇಶ ಸುತ್ತಲು ಹೊರಟರು. ದರ್ಭಂಗಾ ಮಹಾರಾಜರು 5 ಲಕ್ಷ ರೂಪಾಯಿ ಕೊಟ್ಟರು. ಮೈಸೂರು, ಬರೋಡ, ಬಿಕಾನೇರ್, ಜೋಧಪುರ, ಕಾಶ್ಮೀರ, ಗ್ವಾಲಿಯರ್ ಹೀಗೆ ಸಂಸ್ಥಾನಗಳ ಸಾಲು ಬೆಳೆಯಿತು. ಸೇಠರು, ಜಮೀನ್ದಾರರು, ಶಾಲಾ ಮಾಸ್ತರರು, ಬಡ ರೈತರು ಕೂಡ ಕೈಲಾದಷ್ಟು ಕೊಟ್ಟರು. ಭಿಕ್ಷುಕರಲ್ಲಿ ರಾಜಕುಮಾರ ಎಂಬ ಬಿರುದು ಮಾಳವೀಯರಿಗೆ ಅಂಟಿಕೊಂಡದ್ದು ಆಗಲೇ. ಹೈದರಾಬಾದಿನ ನಿಜಾಮರು ಅವರಿಗೆ ಚಪ್ಪಲಿ ಎಸೆದರೆಂದೂ ಮಾಳವೀಯರು ಅದನ್ನೇ ಹರಾಜಿಗಿಟ್ಟರೆಂದೂ ಒಂದು ಕಥೆ ಉತ್ತರ ಭಾರತದಲ್ಲೆಲ್ಲ ಹಬ್ಬಿದೆ. ಅದು ದಂತಕಥೆ. ನಿಜಾಮರು ವಿಶ್ವವಿದ್ಯಾಲಯಕ್ಕೆ 1 ಲಕ್ಷ ರೂಪಾಯಿ ಕೊಟ್ಟದ್ದು ಮಾತ್ರ ಇತಿಹಾಸ. ಆವರಣದ ಒಂದು ಅಧ್ಯಾಪಕ ವಸತಿಗೆ ಇಂದಿಗೂ ಹೈದರಾಬಾದ್ ಕಾಲನಿ ಎಂದೇ ಹೆಸರು, ಒಂದು ಬಾಗಿಲಿಗೆ ಹೈದರಾಬಾದ್ ಗೇಟ್ ಎಂದು.

ದಾನದ ನೆನಪು ಹೀಗೆ ಆವರಣದ ಭೂಗೋಳದಲ್ಲೇ ಬರೆದುಕೊಂಡಿದೆ. ಬಿರ್ಲಾ, ಬ್ರೋಚಾ, ರುಯಿಯಾ, ರಾಜಪುತಾನಾ, ಲಿಂಬ್ಡಿ, ಮೋರ್ವಿ, ಧನರಾಜಗಿರಿ ಎಂಬ ಹಾಸ್ಟೆಲುಗಳ ಹೆಸರುಗಳನ್ನು ಓದುತ್ತಾ ಹೋದರೆ ಹಣ ಯಾವ ಯಾವ ಕಡೆಯಿಂದ ಬಂತೆಂಬುದು ತಿಳಿಯುತ್ತದೆ. ಎಂದೋ ಅಳಿದ ಕಾಠಿಯಾವಾಡದ ಸಣ್ಣ ಸಂಸ್ಥಾನವೊಂದರ ಹೆಸರನ್ನು ಇಂದಿನ ಎಂಜಿನಿಯರಿಂಗ್ ಹುಡುಗರು ತಮ್ಮ ಮನೆಯ ವಿಳಾಸವಾಗಿ ಹೇಳುತ್ತಾರೆ.

ಶಂಕುಸ್ಥಾಪನೆ ಮತ್ತು ಗಾಂಧೀಜಿಯ ಭಾಷಣ

1915ರ ಅಕ್ಟೋಬರ್ 1ರಂದು ವಿಧೇಯಕ ಅಂಗೀಕಾರವಾಯಿತು. ಎಲ್ಲ ಜಾತಿ, ಮತದವರಿಗೂ ಪ್ರವೇಶ ಮುಕ್ತವೆಂದು ಶಾಸನ ಹೇಳಿತು. ಆದರೆ ಹಿಂದೂ ವಿದ್ಯಾರ್ಥಿಗಳಿಗೆ ಧರ್ಮಬೋಧೆ ಕಡ್ಡಾಯವಾಗಿತ್ತು, ಕೋರ್ಟ್ ಎಂಬ ಆಡಳಿತ ಸಭೆಯಲ್ಲಿ ಹಿಂದೂಗಳಿಗೆ ಮಾತ್ರ ಸ್ಥಾನವಿತ್ತು. ಈ ಎರಡು ನಿಬಂಧನೆಗಳನ್ನು 1951ರ ತಿದ್ದುಪಡಿ ತೆಗೆದುಹಾಕಿತು.

1916ರ ಫೆಬ್ರುವರಿ 4ರಂದು ವೈಸರಾಯ್ ಲಾರ್ಡ್ ಹಾರ್ಡಿಂಜ್ ಅಡಿಗಲ್ಲು ಇಟ್ಟರು. ಒಡವೆ ಹೇರಿಕೊಂಡ ರಾಜರುಗಳು, ಪಂಡಿತರು, ಅಧಿಕಾರಿಗಳು ನೆರೆದಿದ್ದರು. ವೈಸರಾಯರ ರಕ್ಷಣೆಗಾಗಿ ಊರೆಲ್ಲ ಗುಪ್ತ ಪೊಲೀಸರು ತುಂಬಿದ್ದರು. ಉತ್ಸವದ ಅಂಗವಾಗಿ ಹಲವು ದಿನ ಉಪನ್ಯಾಸಗಳು ನಡೆದವು. 6ರಂದು ಮಾತಾಡಲು ನಿಂತವರು ದಕ್ಷಿಣ ಆಫ್ರಿಕದಿಂದ ಹಿಂತಿರುಗಿ ಒಂದು ವರ್ಷವಷ್ಟೇ ಆಗಿದ್ದ ಗಾಂಧೀಜಿ.

ಪವಿತ್ರ ನಗರದ ಈ ಮಹಾವಿದ್ಯಾಲಯದ ನೆರಳಿನಲ್ಲಿ ತಮ್ಮ ದೇಶಬಾಂಧವರ ಜತೆ ಪರಭಾಷೆಯಲ್ಲಿ ಮಾತಾಡಬೇಕಾಗಿ ಬಂದದ್ದು ನಾಚಿಕೆಯ ವಿಷಯವೆಂದು ಅವರು ಆರಂಭಿಸಿದರು. ವಿಶ್ವನಾಥ ಮಂದಿರದ ಸುತ್ತಣ ಗಲ್ಲಿಗಳ ಕೊಳಕನ್ನು ಎತ್ತಿ ಆಡಿದರು. ರಾಜರು ಈ ಒಡವೆಗಳನ್ನು ಕಳಚಿ ಜನರ ಪಾಲಿಗೆ ಇಡುವ ತನಕ ದೇಶಕ್ಕೆ ಬಿಡುಗಡೆಯಿಲ್ಲ ಎಂದರು. ಬಾಂಬೆಸೆಯುವ ಯುವಕರ ವಿಚಾರಕ್ಕೆ ಮಾತು ಹೊರಳಿದಾಗ ವೇದಿಕೆಯಲ್ಲಿದ್ದ ಬೆಸೆಂಟರು ತಡೆದರು. ಸಭಿಕರು ಮುಂದುವರಿಯಲಿ ಎಂದು ಕೂಗಿದರು. ರಾಜರು ಎದ್ದು ನಡೆದರು, ಅಧ್ಯಕ್ಷತೆ ವಹಿಸಿದ್ದ ದರ್ಭಂಗಾ ಮಹಾರಾಜರೂ ಹೊರಟರು. ಸಭೆ ಅಲ್ಲಿಗೇ ಮುಗಿಯಿತು. ಅದೇ ವರ್ಷ ಕಾಶಿಯಲ್ಲಿ ಸಂಸ್ಕೃತ ಓದುತ್ತಿದ್ದ ವಿನೋಬಾ ಭಾವೆ ಎಂಬ ಹುಡುಗ ಈ ಭಾಷಣದ ವರದಿಯನ್ನು ಪತ್ರಿಕೆಯಲ್ಲಿ ಓದಿಯೇ ಗಾಂಧೀಜಿಗೆ ಪತ್ರ ಬರೆದದ್ದು. ಭಾರತದ ಸಾರ್ವಜನಿಕ ಜೀವನದಲ್ಲಿ ಗಾಂಧೀಜಿ ತಮ್ಮ ದನಿಯನ್ನು ಮೊದಲ ಬಾರಿಗೆ ಪೂರ್ತಿ ತೆರೆದದ್ದು ಇಲ್ಲಿ. 1942ರ ಜನವರಿಯಲ್ಲಿ ರಜತೋತ್ಸವಕ್ಕೆ ಬಂದಾಗಲೂ ಅವರು ಇಂಗ್ಲಿಷಿನ ಮೋಹದ ಬಗ್ಗೆ ಅದೇ ಮಾತನ್ನು ಇನ್ನೂ ಖಾರವಾಗಿ ಆಡಿದರು.

ಅರ್ಧವೃತ್ತದ ಊರು

1,300 ಎಕರೆಯ ನೆಲವನ್ನು ಕೊಟ್ಟವರು ಕಾಶೀ ನರೇಶ ಪ್ರಭುನಾರಾಯಣ ಸಿಂಗರು. ಪಾಠಗಳು ಮೊದಲು ಕಮಚ್ಛಾದ ಹಳೆಯ ಕಾಲೇಜಿನಲ್ಲೇ ನಡೆದು, 1921ರಲ್ಲಿ ಹೊಸ ಆವರಣಕ್ಕೆ ಬಂದವು. ಆವರಣದ ನಕ್ಷೆ ಅರ್ಧವೃತ್ತಾಕಾರದ್ದು. ಒಂದು ಕಮಾನಿನ ಮೇಲೆ ಕಾಲೇಜುಗಳ ಸಾಲು, ಅದರಾಚೆ ಆಟದ ಬಯಲುಗಳು, ಅದರಾಚೆ ಹಾಸ್ಟೆಲುಗಳು, ಹೊರಗೆ ಅಧ್ಯಾಪಕರ ಮನೆಗಳು. ಪ್ರತಿ ಕಾಲೇಜಿನ ಎದುರಿಗೆ ಅದರದೇ ಹಾಸ್ಟೆಲು, ನಡುವೆ ಮೈದಾನ. ಹುಡುಗ ಕೋಣೆಯಿಂದ ಎದ್ದು ಬಯಲು ದಾಟಿದರೆ ತರಗತಿ. ದಿನಚರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ನಕ್ಷೆ ಇದು. ಇಷ್ಟು ಸರಳವಾದ, ಇಷ್ಟು ಯೋಚಿಸಿದ ವಿನ್ಯಾಸ ಆಮೇಲೆ ಬಂದ ನಮ್ಮ ಅನೇಕ ವಿಶ್ವವಿದ್ಯಾಲಯಗಳಿಗೆ ದಕ್ಕಲಿಲ್ಲ. ದೇವಾಲಯದ ಗೋಪುರ, ಮಂಟಪಗಳನ್ನು ನೆನಪಿಸುವ ಶಿಖರಗಳನ್ನು ಹೊತ್ತ ಕೆಂಪು, ಹಳದಿ ಬಣ್ಣದ ಕಟ್ಟಡಗಳು. ರಸ್ತೆಗಳ ಎರಡೂ ಬದಿಗೆ ಮಾವು, ಹುಣಿಸೆ, ಬೇವಿನ ಸಾಲುಮರಗಳು. ಮೇ ತಿಂಗಳಲ್ಲಿ ಲೂ ಎಂಬ ಬಿಸಿಗಾಳಿ ಬೀಸುವಾಗ ಈ ಮರಗಳ ಬೆಲೆ ಗೊತ್ತಾಗುತ್ತದೆ.

ಲಂಕಾ ಎಂಬ ಪೇಟೆಯ ಕಡೆಗೆ ಮುಖ ಮಾಡಿರುವ ಸಿಂಹದ್ವಾರ ಮುಖ್ಯ ಬಾಗಿಲು. ಅದರೆದುರಿಗೆ ಮಾಳವೀಯರ ಪ್ರತಿಮೆ. ಆವರಣದ ನಡುವಿನ ಹೊಸ ವಿಶ್ವನಾಥ ಮಂದಿರಕ್ಕೆ 1931ರಲ್ಲಿ ಅಡಿಗಲ್ಲು ಬಿತ್ತು. ಬಿರ್ಲಾ ಕುಟುಂಬ ಹಣ ಕೊಟ್ಟಿತು. ಕೆಲಸ ಮುಗಿದದ್ದು 1966ರಲ್ಲಿ, ಮಾಳವೀಯರು ತೀರಿಕೊಂಡು ಇಪ್ಪತ್ತು ವರ್ಷದ ಮೇಲೆ. ಬಿಳಿ ಅಮೃತಶಿಲೆಯ ಗೋಡೆಗಳ ಮೇಲೆ ಗೀತೆಯ ಶ್ಲೋಕಗಳನ್ನು ಕೆತ್ತಿದ್ದಾರೆ. ಹಳೆಯ ವಿಶ್ವನಾಥನ ಗುಡಿಗೆ ದಲಿತರಿಗೆ ಪ್ರವೇಶವಿಲ್ಲದ ಕಾಲದಲ್ಲಿ ಎಲ್ಲ ಜಾತಿಯವರಿಗೂ ತೆರೆದಿರಬೇಕೆಂಬ ಸಂಕಲ್ಪದಿಂದ ಹುಟ್ಟಿದ ಗುಡಿ ಇದು.

ಕೇಂದ್ರ ಗ್ರಂಥಾಲಯದ ಕಥೆಯೂ ದೊಡ್ಡದು. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿಗೆ ಹೋದ ಮಾಳವೀಯರು ಬ್ರಿಟಿಷ್ ಮ್ಯೂಸಿಯಮ್ಮಿನ ದುಂಡನೆಯ ಓದುಮನೆಯನ್ನು ಕಂಡು, ಅಂಥದೇ ಒಂದನ್ನು ಇಲ್ಲೂ ಕಟ್ಟಿಸಲು ಹೊರಟರು. ಬರೋಡದ ಸಯಾಜಿರಾವ್ ಗಾಯಕವಾಡರ ನೆರವಿನಿಂದ ಅದು 1941ರಲ್ಲಿ ಸಿದ್ಧವಾಯಿತು. 1945ರಿಂದ 1947ರವರೆಗೆ ಇಲ್ಲಿನ ಗ್ರಂಥಪಾಲಕರಾಗಿದ್ದವರು ಎಸ್. ಆರ್. ರಂಗನಾಥನ್. ಸುಮಾರು ಒಂದು ಲಕ್ಷ ಪುಸ್ತಕಗಳನ್ನು ತಾವೇ ಕೈಯಾರೆ ಹೊಸ ಕ್ರಮದಲ್ಲಿ ವರ್ಗೀಕರಿಸಿದರು. ಗ್ರಂಥಾಲಯ ವಿಜ್ಞಾನಕ್ಕೆ ಜಗತ್ತಿನ ಮಟ್ಟದ ಹೆಸರಾದ ಒಬ್ಬರು ಕಪಾಟುಗಳ ನಡುವೆ ಎರಡು ವರ್ಷ ಹೀಗೆ ಕೂಲಿಯಂತೆ ದುಡಿದರು.

ಕಲಿಕೆಯ ವ್ಯಾಪ್ತಿ

ವೇದ, ಜ್ಯೋತಿಷ, ಧರ್ಮಶಾಸ್ತ್ರಗಳ ಜತೆಗೆ ಗಣಿವಿದ್ಯೆಯನ್ನೂ ಲೋಹವಿಜ್ಞಾನವನ್ನೂ ಒಂದೇ ಸಂಸ್ಥೆಯಲ್ಲಿ ಕಲಿಸುವುದು ಮಾಳವೀಯರ ನಿಶ್ಚಯವಾಗಿತ್ತು. 1919ರಲ್ಲಿ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಚಾರ್ಲ್ಸ್ ಎ. ಕಿಂಗ್ ಮೊದಲ ಪ್ರಾಂಶುಪಾಲರು. ರಸ್ತೆ, ಕಾಲುವೆ ಕಟ್ಟುವ ಸಿವಿಲ್ ವಿದ್ಯೆಯೇ ಎಂಜಿನಿಯರಿಂಗ್ ಎಂದು ಸರ್ಕಾರಿ ಕಾಲೇಜುಗಳು ತಿಳಿದಿದ್ದಾಗ ಇಲ್ಲಿ ಯಂತ್ರವಿದ್ಯೆ, ವಿದ್ಯುತ್ ವಿದ್ಯೆಗಳಿಗೆ ಮೊದಲ ಆದ್ಯತೆ ಸಿಕ್ಕಿತು. 1923ರಲ್ಲಿ ಗಣಿ ಮತ್ತು ಲೋಹವಿಜ್ಞಾನದ ಬೋಧನೆ, 1930ರ ದಶಕದಲ್ಲಿ ಮಹಾದೇವ ಲಾಲ್ ಶ್ರಾಫರ ಮುಂದಾಳ್ತನದಲ್ಲಿ ಔಷಧವಿಜ್ಞಾನ. ದೇಶದಲ್ಲಿ ವಿಶ್ವವಿದ್ಯಾಲಯ ಮಟ್ಟದ ಫಾರ್ಮಸಿ ಶಿಕ್ಷಣ ಮೊದಲಾದದ್ದೇ ಇಲ್ಲಿ. 1968ರಲ್ಲಿ ಈ ಕಾಲೇಜುಗಳೆಲ್ಲ ಸೇರಿ ತಾಂತ್ರಿಕ ಸಂಸ್ಥೆಯಾದವು. 2012ರಲ್ಲಿ ಅದು ಐಐಟಿಯಾಗಿ ಆಡಳಿತದಲ್ಲಿ ಬೇರೆಯಾಯಿತು, ನೆಲ ಮಾತ್ರ ಅದೇ.

ರಸಾಯನ ವಿಜ್ಞಾನಿ ಶಾಂತಿಸ್ವರೂಪ ಭಟ್ನಾಗರ್ 1921ರಿಂದ ಕೆಲವು ವರ್ಷ ಇಲ್ಲಿ ಪ್ರಾಧ್ಯಾಪಕರಾಗಿದ್ದರು. ವಿಶ್ವವಿದ್ಯಾಲಯದ ಕುಲಗೀತೆಯನ್ನು ಬರೆದವರು ಅವರೇ. ಮುಂದೆ ದೇಶದ ವೈಜ್ಞಾನಿಕ ಪ್ರಯೋಗಾಲಯಗಳ ಜಾಲವನ್ನೇ ಕಟ್ಟಿದ ವ್ಯಕ್ತಿ ಹಿಂದಿಯಲ್ಲಿ ಹಾಡು ಬರೆದರೆಂದರೆ ಆ ಕಾಲದ ಅಧ್ಯಾಪಕರು ಇದನ್ನು ಎಷ್ಟು ತಮ್ಮದೆಂದುಕೊಂಡಿದ್ದರು ಎಂಬುದು ಕಾಣುತ್ತದೆ. ಗಣಿತ ವಿಭಾಗದ ಮುಖ್ಯಸ್ಥರಾಗಿದ್ದ ವಿ. ವಿ. ನಾರ್ಳೀಕರರ ಮಗ ಜಯಂತ ನಾರ್ಳೀಕರ್ ಈ ಆವರಣದಲ್ಲೇ ಬೆಳೆದು ಇಲ್ಲೇ ಪದವಿ ಪಡೆದರು. ಕೃಷಿ ವಿಭಾಗದಲ್ಲಿ ರೂಪುಗೊಂಡ ಎಚ್‌ಯುಡಬ್ಲ್ಯೂ 234 ಎಂಬ ಗೋಧಿ ತಳಿ ಪೂರ್ವ ಉತ್ತರ ಪ್ರದೇಶದ ರೈತರ ಹೊಲಗಳಲ್ಲಿ ದಶಕಗಳ ಕಾಲ ಉಳಿಯಿತು.

ಆಧುನಿಕ ಹಿಂದಿ ಸಾಹಿತ್ಯದ ಅಧ್ಯಯನಕ್ಕೆ ಇಲ್ಲಿನ ಹಿಂದಿ ವಿಭಾಗವೇ ಬುನಾದಿ ಹಾಕಿತು ಎನ್ನಬಹುದು. ಶ್ಯಾಮಸುಂದರ ದಾಸರು ವಿಭಾಗವನ್ನು ಕಟ್ಟಿದರು. ರಾಮಚಂದ್ರ ಶುಕ್ಲರು 1929ರಲ್ಲಿ ಹಿಂದಿ ಸಾಹಿತ್ಯದ ಚರಿತ್ರೆಯನ್ನು ಹೊರತಂದರು. 1950ರಲ್ಲಿ ಶಾಂತಿನಿಕೇತನದಿಂದ ಬಂದ ಹಜಾರಿಪ್ರಸಾದ ದ್ವಿವೇದಿಯವರು ಹತ್ತು ವರ್ಷ ಮುಖ್ಯಸ್ಥರಾಗಿದ್ದರು. ನಾಮವರ್ ಸಿಂಗ್, ಕೇದಾರನಾಥ ಸಿಂಗ್ ಇಬ್ಬರೂ ದ್ವಿವೇದಿಯವರ ಶಿಷ್ಯರು. ದ್ವಿವೇದಿಯವರು 1960ರಲ್ಲಿ ವಿಶ್ವವಿದ್ಯಾಲಯದ ಒಳರಾಜಕೀಯದಿಂದಾಗಿ ಹುದ್ದೆ ಕಳೆದುಕೊಂಡು ಚಂಡೀಗಢಕ್ಕೆ ಹೋಗಬೇಕಾಯಿತು. ಅಷ್ಟು ದೊಡ್ಡ ವಿದ್ವಾಂಸರನ್ನು ಕಳಿಸಿಕೊಟ್ಟದ್ದು ಸಂಸ್ಥೆಗೆ ತುಂಬಲಾರದ ನಷ್ಟ.

ಸಂಗೀತ ಮತ್ತು ಲಲಿತಕಲೆಗಳ ಕಾಲೇಜು 1950ರಲ್ಲಿ ಗಾಯಕ ಪಂಡಿತ್ ಓಂಕಾರನಾಥ ಠಾಕೂರರ ಪ್ರಾಂಶುಪಾಲತ್ವದಲ್ಲಿ ಆರಂಭವಾಯಿತು. ಅದೇ ವರ್ಷ ರಾಯ್ ಕೃಷ್ಣದಾಸರು 1920ರಿಂದ ಕೂಡಿಸುತ್ತ ಬಂದಿದ್ದ ಭಾರತ ಕಲಾ ಭವನದ ಸಂಗ್ರಹ ವಿಶ್ವವಿದ್ಯಾಲಯಕ್ಕೆ ಸೇರಿತು. ಅದರ ಕಟ್ಟಡಕ್ಕೆ ಅಡಿಗಲ್ಲಿಟ್ಟವರು ನೆಹರೂ. ಮೊಘಲ್, ರಾಜಸ್ಥಾನಿ, ಪಹಾಡಿ ಕಿರುಚಿತ್ರಗಳಿಗೆ ಇದು ದೇಶದ ಮುಖ್ಯ ಭಂಡಾರಗಳಲ್ಲೊಂದು.

ಸ್ವಾತಂತ್ರ್ಯ ಹೋರಾಟದ ವರ್ಷಗಳು

ಮಾಳವೀಯರು 1919ರಿಂದ 1938ರವರೆಗೆ ಕುಲಪತಿಗಳಾಗಿದ್ದರು. ಅಸಹಕಾರ ಚಳವಳಿ ಅವರನ್ನು ಕಠಿಣ ಪರೀಕ್ಷೆಗೆ ಒಡ್ಡಿತು. ಸರ್ಕಾರದ ಮಾನ್ಯತೆ ಪಡೆದ ಶಿಕ್ಷಣವನ್ನು ಬಿಡಿ ಎಂದು ಗಾಂಧೀಜಿ ಕರೆಕೊಟ್ಟಾಗ ಇಷ್ಟು ಕಷ್ಟದಿಂದ ಕಟ್ಟಿದ ಸಂಸ್ಥೆಯನ್ನು ಖಾಲಿ ಮಾಡಲು ಅವರು ಒಪ್ಪಲಿಲ್ಲ. ಇಲ್ಲಿ ಪಾಠ ಹೇಳುತ್ತಿದ್ದ ಜೆ. ಬಿ. ಕೃಪಲಾನಿ ಕೆಲವು ವಿದ್ಯಾರ್ಥಿಗಳ ಜತೆ ಹೊರನಡೆದು 1920ರಲ್ಲಿ ಗಾಂಧಿ ಆಶ್ರಮವನ್ನು ಸ್ಥಾಪಿಸಿದರು. 1921ರಲ್ಲಿ ಅದೇ ಊರಿನಲ್ಲಿ ಕಾಶೀ ವಿದ್ಯಾಪೀಠ ಹುಟ್ಟಿತು. ಲಾಲ್ ಬಹಾದ್ದೂರ್ ಶಾಸ್ತ್ರಿ ಓದಿದ್ದು ಅಲ್ಲಿ. ಇಷ್ಟಾದರೂ ಮಾಳವೀಯರ ಆವರಣ ಸರ್ಕಾರದ ಮಡಿಲಿಗೆ ಬೀಳಲಿಲ್ಲ. 1925ರ ಕಾಕೋರಿ ಪ್ರಕರಣದಲ್ಲಿ ಗಲ್ಲಿಗೇರಿದ ರಾಜೇಂದ್ರನಾಥ ಲಾಹಿರಿ ಇಲ್ಲಿನ ಎಂ.ಎ. ವಿದ್ಯಾರ್ಥಿ.

1939ರಲ್ಲಿ ಸರ್ವೇಪಲ್ಲಿ ರಾಧಾಕೃಷ್ಣನ್ ಕುಲಪತಿಗಳಾದರು. 1942ರ ಆಗಸ್ಟಿನಲ್ಲಿ ವಿದ್ಯಾರ್ಥಿಗಳು ಸುತ್ತಲ ಜಿಲ್ಲೆಗಳಿಗೆ ಹೋಗಿ ಚಳವಳಿ ಹಬ್ಬಿಸಿದಾಗ ಸರ್ಕಾರ ಆವರಣವನ್ನು ವಶಕ್ಕೆ ತೆಗೆದುಕೊಂಡಿತು. ಪ್ರಾಂತದ ಗವರ್ನರ್ ಅದನ್ನು ಯುದ್ಧದ ಆಸ್ಪತ್ರೆ ಮಾಡಲು ಹೊರಟಿದ್ದರು. ರಾಧಾಕೃಷ್ಣನ್ ದೆಹಲಿಗೆ ಹೋಗಿ ವೈಸರಾಯರ ಮಟ್ಟದಲ್ಲಿ ವಾದಿಸಿ ಅದನ್ನು ತಪ್ಪಿಸಿದರು. ಸ್ವಾತಂತ್ರ್ಯಾನಂತರ ಆಚಾರ್ಯ ನರೇಂದ್ರ ದೇವ್, ಸಿ. ಪಿ. ರಾಮಸ್ವಾಮಿ ಅಯ್ಯರ್, ತ್ರಿಗುಣ ಸೇನ್ ಮೊದಲಾದವರು ಆ ಪೀಠದಲ್ಲಿ ಕುಳಿತರು.

ವಾಸದ ಹಕ್ಕಿನ ವಿವಾದಗಳು

ಶಾಸನದಲ್ಲಿ ಬಾಗಿಲು ಎಲ್ಲರಿಗೂ ತೆರೆದಿತ್ತು; ಊಟದ ಮನೆಯಲ್ಲಿ ಹಾಗಿರಲಿಲ್ಲ. 1920ರ ದಶಕದ ಕೊನೆಯಲ್ಲಿ ಬಿಹಾರದಿಂದ ಬಂದ ದಲಿತ ವಿದ್ಯಾರ್ಥಿ ಜಗಜೀವನ ರಾಮ್ ಅವರಿಗೆ ಇಲ್ಲಿ ಮೆಸ್ಸಿನಲ್ಲಿ ಪಂಕ್ತಿಭೇದ ಎದುರಾಯಿತು, ಕ್ಷೌರಿಕರು ಅವರಿಗೆ ಕ್ಷೌರ ಮಾಡಲು ಒಪ್ಪಲಿಲ್ಲ. ಅವರು ಅದರ ವಿರುದ್ಧ ಸಂಘಟಿಸಿ ನಿಂತರು, ಮುಂದೆ ದೇಶದ ಉಪಪ್ರಧಾನಿಯಾದರು. ಮಾಳವೀಯರು ಅವರನ್ನು ಪ್ರೋತ್ಸಾಹಿಸಿ ಬರಮಾಡಿಕೊಂಡವರು. ಸ್ವತಃ ಆಚಾರನಿಷ್ಠರಾಗಿದ್ದ ಅವರು ದಲಿತರಿಗೆ ಮಂತ್ರದೀಕ್ಷೆಯನ್ನೂ ಕೊಟ್ಟರು. ಆದರೆ ಕುಲಪತಿಯ ಸದ್ಭಾವ ಅಡುಗೆಮನೆಯ ತನಕ ಮುಟ್ಟಿರಲಿಲ್ಲ ಎಂಬುದನ್ನು ಈ ವಿಶ್ವವಿದ್ಯಾಲಯದ ಚರಿತ್ರೆ ಬರೆಯುವವರು ಮರೆಮಾಚಬಾರದು.

ಮಹಿಳೆಯರಿಗಾಗಿ ಮಹಿಳಾ ಮಹಾವಿದ್ಯಾಲಯ 1929ರಲ್ಲೇ ಶುರುವಾಯಿತು. ಗೌರವದ ವಿಷಯ ಇದು; ಆದರೆ ಹುಡುಗರ ಹಾಸ್ಟೆಲಿಗೂ ಹುಡುಗಿಯರ ಹಾಸ್ಟೆಲಿಗೂ ಬೇರೆ ಬೇರೆ ನಿಯಮಗಳು ಉಳಿದುಬಂದವು. 2017ರ ಸೆಪ್ಟೆಂಬರ್ 21ರ ಸಂಜೆ ಆವರಣದ ಒಳಗೇ ವಿದ್ಯಾರ್ಥಿನಿಯೊಬ್ಬರ ಮೇಲೆ ಕಿರುಕುಳ ನಡೆಯಿತು. ಮರುದಿನ ವಿದ್ಯಾರ್ಥಿನಿಯರು ಸಿಂಹದ್ವಾರದಲ್ಲಿ ಧರಣಿ ಕುಳಿತರು. ರಸ್ತೆಗೆ ದೀಪ ಬೇಕು, ಕಾವಲು ಬೇಕು, ದೂರು ಕೊಟ್ಟವಳನ್ನೇ ಯಾಕೆ ಆ ಹೊತ್ತಿನಲ್ಲಿ ಹೊರಗಿದ್ದೆ ಎಂದು ಕೇಳುವುದು ನಿಲ್ಲಬೇಕು ಎಂಬುದು ಅವರ ಬೇಡಿಕೆ. 23ರ ರಾತ್ರಿ ಲಾಠಿ ಬೀಸಲಾಯಿತು. ದೇಶದೆಲ್ಲೆಡೆ ಪ್ರತಿಭಟನೆ ಎದ್ದಿತು. ಕುಲಪತಿಗಳು ರಜೆಯ ಮೇಲೆ ಹೋದರು. ಮೊದಲ ಬಾರಿಗೆ ಮಹಿಳೆಯೊಬ್ಬರು ಮುಖ್ಯ ಪ್ರಾಕ್ಟರ್ ಆದರು.

ವಾಸದ ಪ್ರಶ್ನೆಯ ಆಚೆಗೂ ವಿವಾದಗಳಿದ್ದವು. ಹೆಸರಿನ ವಿವಾದ 1965ರದು. ಶಿಕ್ಷಣ ಸಚಿವ ಎಂ. ಸಿ. ಛಾಗ್ಲಾ ಅವರ ಕಾಲದಲ್ಲಿ ಹೆಸರಿನಿಂದ ‘ಹಿಂದೂ’ ಎಂಬುದನ್ನು ಕೈಬಿಡುವ ಪ್ರಸ್ತಾಪ ಸಂಸತ್ತಿಗೆ ಬಂತು; ಆವರಣ ಕೆರಳಿತು, ಪ್ರಸ್ತಾಪ ಬಿದ್ದುಹೋಯಿತು. 1967ರ ಇಂಗ್ಲಿಷ್ ವಿರೋಧಿ ಚಳವಳಿಯ ಕಾವು ಇಲ್ಲಿಂದಲೇ ಹೆಚ್ಚಾಗಿ ಹಬ್ಬಿತು. ವರ್ಷಗಟ್ಟಲೆ ನಡೆದ ಗಲಭೆಗಳ ವಿಚಾರಣೆಗೆ 1969ರಲ್ಲಿ ನ್ಯಾಯಮೂರ್ತಿ ಪಿ. ಬಿ. ಗಜೇಂದ್ರಗಡ್ಕರ್ ಸಮಿತಿ ನೇಮಕವಾಯಿತು. 1997ರಿಂದ ವಿದ್ಯಾರ್ಥಿ ಸಂಘದ ಚುನಾವಣೆ ನಿಂತುಹೋಗಿದೆ. 2019ರಲ್ಲಿ ಸಂಸ್ಕೃತ ವಿದ್ಯಾ ಧರ್ಮವಿಜ್ಞಾನ ನಿಕಾಯಕ್ಕೆ ಮುಸ್ಲಿಂ ಅಧ್ಯಾಪಕರೊಬ್ಬರ ನೇಮಕವನ್ನು ಕೆಲವು ವಿದ್ಯಾರ್ಥಿಗಳು ವಾರಗಟ್ಟಲೆ ವಿರೋಧಿಸಿದರು. ಆಡಳಿತ ನೇಮಕವನ್ನು ಸಮರ್ಥಿಸಿಕೊಂಡಿತು. ಬೇರೆ ವಿದ್ಯಾರ್ಥಿಗಳು ಅಧ್ಯಾಪಕರ ಪರವಾಗಿ ಮೆರವಣಿಗೆ ಮಾಡಿದರು. ಕೊನೆಗೆ ಆ ಅಧ್ಯಾಪಕರು ಕಲಾ ನಿಕಾಯದ ಸಂಸ್ಕೃತ ವಿಭಾಗಕ್ಕೆ ಹೋದರು. ಬಾಲ್ಯದಿಂದ ಸಂಸ್ಕೃತ ಕಲಿತ ಒಬ್ಬ ವಿದ್ವಾಂಸರಿಗೆ ಹೀಗಾದದ್ದು ನೋವಿನ ಸಂಗತಿ. 2023ರ ನವೆಂಬರಿನಲ್ಲಿ ಐಐಟಿ ವಿದ್ಯಾರ್ಥಿನಿಯೊಬ್ಬರ ಮೇಲೆ ದೌರ್ಜನ್ಯ ನಡೆದಾಗ ಐಐಟಿಗೂ ವಿಶ್ವವಿದ್ಯಾಲಯಕ್ಕೂ ನಡುವೆ ಗೋಡೆ ಎಬ್ಬಿಸುವ ಮಾತು ಬಂತು. ಮಾಳವೀಯರ ಅಂಗಳವನ್ನು ಒಡೆಯಬೇಡಿ ಎಂದು ಬಿಎಚ್‌ಯು ವಿದ್ಯಾರ್ಥಿಗಳು ಬೀದಿಗಿಳಿದರು.

ದಿನಚರಿ, ಹಬ್ಬ, ಹರಟೆ

ವಿದ್ಯಾರ್ಥಿಗಳಲ್ಲಿ ದೊಡ್ಡ ಪಾಲು ಪೂರ್ವ ಉತ್ತರ ಪ್ರದೇಶ ಮತ್ತು ಬಿಹಾರದ ಹಳ್ಳಿ, ಸಣ್ಣ ಪಟ್ಟಣಗಳವರು. ಬಂಗಾಳ, ಜಾರ್ಖಂಡ್‌ಗಳಿಂದಲೂ ಬರುತ್ತಾರೆ. ವಿದೇಶೀಯರಲ್ಲಿ ನೇಪಾಳದವರು ಹೆಚ್ಚು. ಹಾಸ್ಟೆಲ್ ಸಿಗದವರು ಲಂಕಾ, ನರಿಯಾ, ಛಿತ್ತೂಪುರ, ಸಾಮನೇ ಘಾಟ್‌ಗಳಲ್ಲಿ ಬಾಡಿಗೆ ಕೋಣೆ ಹಿಡಿಯುತ್ತಾರೆ. ಕೋಣೆಯ ಗೋಡೆಗೆ ಭಾರತದ ನಕ್ಷೆ, ಮೇಜಿನ ಮೇಲೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ. ಮನೆಯಲ್ಲಿ ಮೊದಲ ಬಾರಿಗೆ ಪದವಿ ಓದುತ್ತಿರುವ ಹುಡುಗ ಹುಡುಗಿಯರು ಇಲ್ಲಿ ಸಾವಿರಾರು ಮಂದಿ. ಕಡಿಮೆ ಶುಲ್ಕದ ಸಾರ್ವಜನಿಕ ವಿಶ್ವವಿದ್ಯಾಲಯ ಯಾಕೆ ಬೇಕು ಎಂದು ಕೇಳುವವರಿಗೆ ಈ ಕೋಣೆಗಳನ್ನು ತೋರಿಸಬೇಕು.

ಆವರಣದ ಮಾತು ಹಿಂದಿ, ಅದರೊಳಗೆ ಧಾರಾಳವಾಗಿ ಭೋಜಪುರಿ. ಗೆಳೆಯನನ್ನು ‘ಕಾ ಗುರು’ ಎಂದು ಕರೆಯುವುದು ಇಲ್ಲಿನ ವಾಡಿಕೆ. ಪಂದ್ಯ ಗೆದ್ದರೂ, ಘಟಿಕೋತ್ಸವವಾದರೂ, ಅತಿಥಿ ಬಂದರೂ ಏಳುವ ಘೋಷ ‘ಹರ ಹರ ಮಹಾದೇವ್’. ವಿಶ್ವನಾಥ ಮಂದಿರವನ್ನು ಎಲ್ಲರೂ ವಿ.ಟಿ. ಎನ್ನುತ್ತಾರೆ. ಸಂಜೆಯಾದರೆ ಪೂಜೆಗೆ ಬಂದವರಿಗಿಂತ ಅಲ್ಲಿನ ಅಂಗಡಿಗಳಲ್ಲಿ ಕೋಲ್ಡ್ ಕಾಫಿ ಹಿಡಿದು ನಿಂತವರೇ ಹೆಚ್ಚು. ಪ್ರೇಮ, ರಾಜಕೀಯ, ನೋಟ್ಸು ಮೂರೂ ಅಲ್ಲಿ ಕೈ ಬದಲಾಗುತ್ತವೆ. ಮಧುಬನ ಎಂಬ ತೋಟದಲ್ಲಿ ಲಲಿತಕಲೆಯ ವಿದ್ಯಾರ್ಥಿಗಳ ಶಿಲ್ಪಗಳ ನಡುವೆ ಗುಂಪು ಗುಂಪಾಗಿ ಕೂರುತ್ತಾರೆ. ಲಂಕಾದಲ್ಲಿ ಮಣ್ಣಿನ ಕುಲ್ಹಡಿನಲ್ಲಿ ಲಸ್ಸಿ, ಬೆಳಗ್ಗೆ ಕಚೌಡಿ ಜಲೇಬಿ. ಇನ್ನೂ ಮುಂದೆ ನಡೆದರೆ ಅಸ್ಸಿ ಘಾಟು, ಅಲ್ಲಿನ ಚಹಾದಂಗಡಿಗಳ ಹರಟೆ. ಹಿಂದಿ ವಿಭಾಗದ ಅಧ್ಯಾಪಕರಾಗಿದ್ದ ಕಾಶೀನಾಥ ಸಿಂಗರು ‘ಕಾಶೀ ಕಾ ಅಸ್ಸೀ’ ಕಾದಂಬರಿಯನ್ನು ಕಟ್ಟಿದ್ದು ಆ ಹರಟೆಯಿಂದಲೇ.

ವಸಂತ ಪಂಚಮಿಯನ್ನು ಸ್ಥಾಪನಾ ದಿನವಾಗಿ ಆಚರಿಸುತ್ತಾರೆ. ವಿಭಾಗಗಳ ಸ್ತಬ್ಧಚಿತ್ರಗಳು ಮೆರವಣಿಗೆ ಹೊರಡುತ್ತವೆ, ಹಾಸ್ಟೆಲುಗಳಲ್ಲಿ ಸರಸ್ವತಿ ಪೂಜೆ. ಡಿಸೆಂಬರ್ 25 ಮಾಳವೀಯರ ಹುಟ್ಟುಹಬ್ಬ; ಅವರು ವಾಸವಾಗಿದ್ದ ಮಾಳವೀಯ ಭವನದಲ್ಲಿ ಹೂವಿನ ಪ್ರದರ್ಶನ ಏರ್ಪಾಡಾಗುತ್ತದೆ. ಅದೇ ಭವನದಲ್ಲಿ ಭಾನುವಾರಗಳಂದು ಗೀತಾ ಪ್ರವಚನ. ಎಲ್ಲ ನಿಕಾಯಗಳು ಸೇರುವ ಯುವಜನೋತ್ಸವದ ಹೆಸರು ಸ್ಪಂದನ, ಐಐಟಿಯದು ಕಾಶಿಯಾತ್ರಾ. ಘಟಿಕೋತ್ಸವಕ್ಕೆ ಕರಿ ನಿಲುವಂಗಿಯ ಬದಲು ಬಿಳಿಯ ಉಡುಪು, ಉತ್ತರೀಯ, ಹಳದಿ ಪೇಟ.

ಕರ್ನಾಟಕದ ನಂಟು

ಬಿಎಚ್‌ಯುವಿನ ಮೊದಲ ಕುಲಾಧಿಪತಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು. ಅದೇ 1916ರ ಜುಲೈಯಲ್ಲಿ ಅವರು ತಮ್ಮ ರಾಜಧಾನಿಯಲ್ಲಿ ಮೈಸೂರು ವಿಶ್ವವಿದ್ಯಾಲಯವನ್ನೂ ಆರಂಭಿಸಿದರು. ಒಬ್ಬರೇ ಅರಸರು ಒಂದೇ ವರ್ಷ ಎರಡು ವಿಶ್ವವಿದ್ಯಾಲಯಗಳಿಗೆ ಮೊದಲ ಕುಲಾಧಿಪತಿಯಾದರು ಎಂಬುದು ಕನ್ನಡಿಗರಿಗೇ ಅಷ್ಟಾಗಿ ಗೊತ್ತಿಲ್ಲ. ಮುಂದೆ ಮೈಸೂರಿನ ಕುಲಪತಿಯಾಗಿದ್ದ ಕಾಲೂಲಾಲ್ ಶ್ರೀಮಾಲಿ 1969ರಲ್ಲಿ ಬನಾರಸಿಗೆ ಕುಲಪತಿಯಾಗಿ ಹೋದರು.

ಸಿ. ಎನ್. ಆರ್. ರಾವ್ ಮೈಸೂರಿನಲ್ಲಿ ಬಿ.ಎಸ್‌ಸಿ. ಮುಗಿಸಿ 1953ರಲ್ಲಿ ಇಲ್ಲಿ ಎಂ.ಎಸ್‌ಸಿ. ಪಡೆದರು. ಉಡುಪಿಯ ಅದಮಾರಿನವರಾದ ಯು. ಆರ್. ರಾವ್ ಅವರ ಎಂ.ಎಸ್‌ಸಿ. ಕೂಡ ಇಲ್ಲಿಯದೇ. ಎಲ್ಲರಿಗಿಂತ ಆಳವಾಗಿ ಇಲ್ಲಿ ಬೇರುಬಿಟ್ಟ ಕನ್ನಡ ನಾಡಿನವರು ಶಸ್ತ್ರವೈದ್ಯ ಕಟೀಲು ನರಸಿಂಹ ಉಡುಪರು. ಇಲ್ಲಿಯೇ ಆಯುರ್ವೇದ ಕಲಿತು, ಅಮೆರಿಕದ ಮಿಷಿಗನ್‌ನಲ್ಲಿ ಶಸ್ತ್ರಚಿಕಿತ್ಸೆ ಅಭ್ಯಾಸ ಮಾಡಿ, ಮತ್ತೆ ಇಲ್ಲಿಗೇ ಬಂದರು. ಆಯುರ್ವೇದದ ಸ್ಥಿತಿಗತಿಯನ್ನು ಕುರಿತು ಕೇಂದ್ರ ಸರ್ಕಾರ ನೇಮಿಸಿದ ಸಮಿತಿ 1959ರಲ್ಲಿ ವರದಿ ಕೊಟ್ಟದ್ದು ಅವರ ಅಧ್ಯಕ್ಷತೆಯಲ್ಲಿ. 1960ರಲ್ಲಿ ವೈದ್ಯವಿಜ್ಞಾನ ಕಾಲೇಜು ಶುರುವಾದಾಗ ಅದನ್ನು ಕಟ್ಟುವ ಹೊಣೆ ಅವರ ಮೇಲೆ ಬಿತ್ತು. ಆಯುರ್ವೇದವೂ ಆಧುನಿಕ ವೈದ್ಯವೂ ಒಂದೇ ಸೂರಿನಡಿ ಇರುವ ಇಂದಿನ ವೈದ್ಯವಿಜ್ಞಾನ ಸಂಸ್ಥೆ ಅವರ ದುಡಿಮೆಯ ಫಲ. ಅದಕ್ಕೆ ಸೇರಿದ ಸರ್ ಸುಂದರ್ ಲಾಲ್ ಆಸ್ಪತ್ರೆಗೆ ಪೂರ್ವ ಉತ್ತರ ಪ್ರದೇಶ, ಪಶ್ಚಿಮ ಬಿಹಾರದ ಬಡವರು ಇಂದಿಗೂ ರೋಗಿಯನ್ನು ಕರೆದುಕೊಂಡು ರಾತ್ರಿ ರೈಲು ಹತ್ತಿ ಬರುತ್ತಾರೆ.

ಇತರ ಆವರಣಗಳು

ಕಮಚ್ಛಾದ ಹಳೆಯ ನೆಲೆಯಲ್ಲಿ ಶಿಕ್ಷಣ ನಿಕಾಯವೂ ಸೆಂಟ್ರಲ್ ಹಿಂದೂ ಶಾಲೆಗಳೂ ನಡೆಯುತ್ತಿವೆ. ರಾಜಘಾಟದ ವಸಂತ ಕಾಲೇಜು, ಡಿಎವಿ, ಆರ್ಯ ಮಹಿಳಾ, ವಸಂತ ಕನ್ಯಾ ಮಹಾವಿದ್ಯಾಲಯಗಳು ಸಂಯೋಜಿತ ಕಾಲೇಜುಗಳು. ಮಿರ್ಜಾಪುರ ಜಿಲ್ಲೆಯ ಬರ್ಕಛಾದಲ್ಲಿ, ವಿಂಧ್ಯದ ಕಲ್ಲುಭೂಮಿಯಲ್ಲಿ, 2,700 ಎಕರೆಗೂ ಮಿಕ್ಕ ದಕ್ಷಿಣ ಆವರಣ 2006ರಿಂದ ಕೆಲಸ ಮಾಡುತ್ತಿದೆ. ಮಳೆಯಾಶ್ರಯದ ಬೇಸಾಯ, ಕೃಷಿ ಅರಣ್ಯ, ಪಶುವೈದ್ಯ ಮೊದಲಾದವುಗಳ ಬೋಧನೆ ಅಲ್ಲಿ ನಡೆಯುತ್ತದೆ. ಅಲ್ಲಿಯೂ ವಿದ್ಯಾರ್ಥಿಗಳು ಆವರಣದ ಹಾಸ್ಟೆಲುಗಳಲ್ಲಿ ಉಳಿದೇ ಓದುತ್ತಾರೆ.